ಮೂವತ್ತೊಂದನೇ ಮಂಚ

ಇದು ನನ್ನ ಚಿಕ್ಕಪ್ಪನ ಮಗ ಜೇಬೆಜ್‌ಗೆ ಆದದ್ದು. ಅವರಿವರು ಹೇಳಿದ್ದಲ್ಲ.

ಅವನಿಗೆ ರಾದರ್‌ಹೈತ್‌ನ ನದೀದಂಡೆಯಲ್ಲಿ ಹಳೇ ಹಡಗು ಒಡೆಯುವ ಕೆಲಸ. ನವೆಂಬರ್ ತಿಂಗಳ ಒಂದು ರಾತ್ರಿ ಹೆಗಲ ಮೇಲೆ ಹಲಗೆ ಹೊತ್ತು ಇಗರ್ಜಿ ಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಹಿಂದಿನಿಂದ... ಟಪ್. ಟಪ್. ಒದ್ದೆ ಕಲ್ಲಿನ ಮೇಲೆ ಬರಿಗಾಲು ಇಟ್ಟ ಸದ್ದು. ನಿಂತ. ಅದೂ ನಿಂತಿತು. ಹಲಗೆಯಿಂದ ನೀರು ತೊಟ್ಟಿಕ್ಕುತ್ತಿರಬೇಕು ಅಂತ ಕೈಯಾಡಿಸಿ ನೋಡಿದ. ಹಲಗೆ ಒಣಗಿತ್ತು.

ಅವನ ಹೆಂಡತಿ ಕೆಜಾಯಾಗೆ ಏಳು ತಿಂಗಳು. ಮೊದಲಿನ ಎರಡು ಕೂಸೂ ನೆಲದ ಥಂಡಿಗೇ ಹೋಗಿದ್ದವು. ಇದೊಂದಾದರೂ ಉಳಿಯಲಿ ಅಂತ ಅವಳಿಗೆ ಮಂಚ ಮಾಡಲು ಹೊರಟಿದ್ದ. ಮೇಸ್ತ್ರಿ ಬೇಡ ಅಂದಿದ್ದ.

"ಆ ಹಡಗಿನ ಕೆಳಗಿನ ಅಟ್ಟದ ಹಲಗೇನ ಯಾರೂ ಮನೆಗೆ ಒಯ್ಯಲ್ಲ ಕಣೋ. ಒಲೆಗೆ ಹಾಕು."

"ನಿಮ್ಮಜ್ಜಿ ಹೇಳಿದ್ಳಾ ಮೇಸ್ತ್ರಿ? ಒಳ್ಳೇ ಒಣಗಿದ ಮರ."

ಅವರು ಆಗ ಒಡೆಯುತ್ತಿದ್ದ ಹಡಗು 'ಮರಿಯಾನ್ ಗ್ರೇಸ್'. ವಿಟ್ಬಿಯಲ್ಲಿ ಕಟ್ಟಿದ್ದು. ಮೊದಲು ಬಾಲ್ಟಿಕ್ ಕಡೆಯಿಂದ ಮರ ತಂದಿತು, ಆಮೇಲೆ ಕಲ್ಕತ್ತೆಯಿಂದ ಅಕ್ಕಿ. ಆಮೇಲೆ ಮೂರು ಸಲ ಸಿಡ್ನಿಗೆ ಕೈದಿಗಳನ್ನು ಹೊತ್ತೊಯ್ದಿತು. ಮುದಿಯಾದ ಮೇಲೆ ಕಲ್ಲಿದ್ದಲು. ಸಿಡ್ನಿಯ ಎರಡನೇ ಪ್ರಯಾಣದಲ್ಲಿ ನಾನು ಅದರಲ್ಲಿ ಖಲಾಸಿ.

ಕೆಳಗಿನ ಅಟ್ಟದಲ್ಲಿ ಆರಡಿ ಅಗಲದ ಒಂದೊಂದು ಮಂಚಕ್ಕೆ ನಾಲ್ಕು ಕೈದಿ. ಒಬ್ಬ ಮಗ್ಗುಲಾಗಬೇಕಾದರೆ ನಾಲ್ವರೂ ಆಗಬೇಕು. ಮೂವತ್ತೊಂದನೇ ಮಂಚದಲ್ಲಿ ಗೋಡೆ ಪಕ್ಕ ಒಬ್ಬ ಮುದುಕ. ಗೆಣ್ಣಿನಿಂದ ಹಲಗೆಗೆ ಬಡೀತಿದ್ದ. ಟಕ್, ಟಕ್. "ತಿರುಗ್ರೋ." ಎಲ್ಲಾ ತಿರುಗೋರು.

ಮುದುಕ ಜ್ವರಕ್ಕೆ ಸತ್ತ. ಉಳಿದ ಮೂವರು ಬಾಯಿ ಬಿಡಲಿಲ್ಲ. ಐದು ದಿನ ಕಂಬಳಿ ಹೊದಿಸಿಟ್ಟು ಅವನ ಪಾಲಿನದನ್ನೂ ತಿಂದರು. ತಾವು ತಿರುಗುವಾಗ ಅವನನ್ನೂ ತಿರುಗಿಸಿದರು. ಕಾವಲಿದ್ದವನು ನಾನು. ನನಗೇಕೆ ಗೊತ್ತಾಗಲಿಲ್ಲ ಅಂತೀರಾ? ಆ ಐದು ರಾತ್ರಿಯೂ ಟಕ್ ಟಕ್ ಕೇಳುತ್ತಲೇ ಇತ್ತು...

ಮಂಚ ಮಾಡಿದ ಮೂರನೇ ದಿನ ಜೇಬೆಜ್ ತಡವಾಗಿ ಮನೆಗೆ ಬಂದ. ಹೊಸ್ತಿಲಲ್ಲಿ ನಿಂತು ಬೂಟು ಬಿಚ್ಚುತ್ತಿದ್ದ. ಕೆಜಾಯಾ ಕಣ್ಣು ಮುಚ್ಚಿಕೊಂಡೇ ಗೊಣಗಿದಳು.

"ಆಚೆ ಸರಿಯೋ ಜೇಬೆಜ್. ಹೊಟ್ಟೆ ಒತ್ತುತ್ತೆ."

"ನಾನಿನ್ನೂ ಬಾಗಿಲಲ್ಲಿದ್ದೀನಿ ಕಣೇ."

ಅವಳು ಕಣ್ಣು ಬಿಟ್ಟಳು. ಹಿಂದೆ ನೋಡಲಿಲ್ಲ. ಪಿಸುಗುಟ್ಟಿದಳು, "ಹಾಗಾದ್ರೆ ಗೋಡೆ ಕಡೆ ಯಾರು?"

ಟಕ್... ಟಕ್.

ಅವಳು ಮಗ್ಗುಲಾದಳು. ಬೇಕಂತಲ್ಲ. ಮೈ ತಾನೇ ತಿರುಗಿತು.

ಮಾರನೇ ದಿನ ಜೇಬೆಜ್ ನನ್ನ ಹತ್ತಿರ ಓಡಿ ಬಂದ. ಹೋಗಿ ನೋಡಿದೆ. ಹಲಗೆಯ ಅಂಚಿನಲ್ಲಿ ಕಬ್ಬಿಣ ಕಾಸಿ ಒತ್ತಿದ ಅಂಕಿ, ಮೂವತ್ತೊಂದು. ಮಂಚವನ್ನು ನಾವಿಬ್ಬರೇ ಸುಟ್ಟೆವು, ಒಂದು ಚಕ್ಕೆಯನ್ನೂ ಉಳಿಸಲಿಲ್ಲ.

ಕೆಜಾಯಾ ಮತ್ತೆ ನೆಲಕ್ಕೇ ಬಂದಳು. ಗೋಡೆ ಪಕ್ಕ ಹಾಸಿದ ಹುಲ್ಲಿನಲ್ಲಿ ಒಂದಾಳು ಜಾಗ ಬಿಟ್ಟು, ಬರೀ ಮಣ್ಣಿನ ಮೇಲೆ ಮಲಗುತ್ತಿದ್ದಳು.

"ಹುಲ್ಲಿನ ಮೇಲೆ ಬಾರೇ, ಜಾಗ ಇದೆಯಲ್ಲ."

"ಎಲ್ಲಿದೆ?"

ಜನವರಿಯಲ್ಲಿ ಹೆರಿಗೆ. ತಾಯಿಯೂ ಹೋದಳು, ಕೂಸೂ ಹೋಯಿತು. ಕೂಸನ್ನು ಅವಳ ತೋಳಲ್ಲೇ ಇಟ್ಟು ಮಣ್ಣು ಮಾಡಿದೆವು.

ಆ ರಾತ್ರಿ ಜೇಬೆಜ್ ಒಬ್ಬನೇ ಆಗಬಾರದು ಅಂತ ಜೊತೆಗೆ ಮಲಗಿದೆ. ಖಾಲಿ ಕೋಣೆ, ನೆಲದ ತುಂಬ ಹುಲ್ಲು, ನಾವಿಬ್ಬರೇ. ಅವನ ಕಡೆ ಮುಖ ಮಾಡಿ ಮಲಗಿದವನಿಗೆ ಎಚ್ಚರವಾದಾಗ ಮುಖ ಬಾಗಿಲ ಕಡೆಗಿತ್ತು. ಬೆನ್ನ ಹಿಂದೆ ಅವನೂ ಆಗಷ್ಟೇ ತಿರುಗಿದ ಸರಸರ ಸದ್ದು.

"ಜೇಬೆಜ್... ನೀನಾ ಬಡಿದದ್ದು?"

"ನಾನಲ್ಲ."

ಆಮೇಲೆ ಮೆಲ್ಲಗೆ ಅಂದ, "ಒಂಚೂರು ಸರಿ ಅಣ್ಣಾ. ಅವಳಿಗೆ ಸಾಲ್ತಿಲ್ಲ."

ಸರಿದೆ. ಏನು ಮಾಡಲಿ?

ಬೆಳಕಾದಾಗ ನಾನು ಬಾಗಿಲಿಗೆ ಒತ್ತಿಕೊಂಡಿದ್ದೆ, ಜೇಬೆಜ್ ನನಗೆ ಒತ್ತಿಕೊಂಡಿದ್ದ. ಅವನಿಂದ ಗೋಡೆಯವರೆಗೂ ಯಾರೂ ಇಲ್ಲ. ಎದ್ದು ಹೋಗಿ ಅಲ್ಲಿನ ಹುಲ್ಲು ಮುಟ್ಟಿದೆ. ಈ ಕೈಯಲ್ಲೇ ಮುಟ್ಟಿದ್ದು, ಬೇಕಾದರೆ ನಂಬಿ, ಬೇಡದಿದ್ದರೆ ಬಿಡಿ.

ಬೆಚ್ಚಗಿತ್ತು.