ಸೆರಗಿನ ಹಿಂಬದಿ

ಕೇಳಿ, ಇವತ್ತು ದಿಲ್‌ಸುಖ್‌ನಗರದ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕನ್ನಡದಲ್ಲಿ ಜಗಳಾಡುತ್ತಿದ್ದರು. ಈ ತೆಲುಗು ಊರಲ್ಲಿ ಯಾರಿಗೂ ತಿಳಿಯದು ಅಂದುಕೊಂಡಿದ್ದರು, ಪಾಪ. ಆಕೆಯ ತೊಡೆಯ ಮೇಲೆ ಕಸೂತಿ ಹಾಕಿದ ಇಳಕಲ್ ಸೀರೆ.

“ಈ ನವಿಲು ನಾ ಹಾಕಿದ್ದು. ಆ ಆನಿ ಯಾರು ಹಾಕಿದ್ರು?”

“ಮಷಿನ್ ಅಂಗಡ್ಯಾಗ ಕೊಟ್ಟಿದ್ದೆ. ನಿನಗ ಖುಷಿ ಆಗ್ತೈತಿ ಅಂತ.”

“ನನ್ನ ಒಂದು ಮಾತು ಕೇಳಲಾರದ?”

“ಮಗಳು ಸಾಲಿಗೆ ಹೋಗುವಾಗ ಸುರು ಮಾಡಿದಿ, ಶೈಲಾ. ಶುಕ್ರವಾರ ಅಕಿ ಮದುವಿ ಐತಿ. ದಿನಾ ನಾಳೆ ಹಾಕ್ತೀನಿ ಅಂತಿದ್ದಿ.”

“ನಾಳೆ ಅಂದಿದ್ದೆ, ಬಿಟ್ಟೆ ಅಂದಿದ್ದಿಲ್ಲ. ನಿಮ್ಮವ್ವನ ಸೇವಾ ಮುಗಿಸಿ ಸೂಜಿ ಹಿಡದ್ರ ಕಣ್ಣು ಮುಚ್ಚತಿದ್ವುರಿ.”

“ಈಗ ಮುಗದೈತಲ್ಲ? ಭಾಳ ಚಂದ ಕಾಣ್ತೈತಿ.”

ಆಕೆ ಸೆರಗನ್ನು ತಿರುವಿ ಹಿಡಿದಳು. ಕೈಕಸೂತಿ ಎರಡೂ ಬದಿಗೆ ಒಂದೇ ಥರ ಇರುತ್ತದೆ, ಗಂಟು ಕಾಣುವುದಿಲ್ಲ. ನವಿಲು ಹಾಗೇ ಇತ್ತು. ಆನೆಯ ಹಿಂದೆ ಬರೀ ದಾರದ ಸಿಕ್ಕು.

“ಮದುವ್ಯಾಗ ಸೆರಗು ತಿರುವಿ ಯಾರು ನೋಡ್ತಾರ?”

“ನಿಮ್ಮ ಮಗಳು. ಕಸೂತಿ ಖರೇನೋ ಸುಳ್ಳೋ ತಿರುವಿ ನೋಡು ಅಂತ ಅಕಿಗೆ ಕಲಿಸಿದಾಕಿ ನಾನ.”

ಬಸ್ಸು ಬಂತು. ಆಕೆ ಸೀರೆಯನ್ನು ಅವನ ಕೈಗೆ ತುರುಕಿ, ಹಿಂತಿರುಗಿ ನೋಡದೆ ಹತ್ತಿದಳು.