ಝಿಪ್ಪಿಗೆ ಅಂಟಿದ ಉಂಡೆ

ಬರಗಾಲದ ವರ್ಷ. ಪುಣೆಗೆ ಕೂಲಿಗೆ ಹೊರಟವರಿಂದ ಭಾಲ್ಕಿ ಸ್ಟೇಷನ್ ಗಿಜಿಗುಡುತ್ತಿತ್ತು. ಅವರಲ್ಲೊಬ್ಬ ಗೋರಖನಾಥ; ಅವನ ಪಕ್ಕದಲ್ಲಿ ಗಿರಿಜಾಬಾಯಿ ಟಿಕೆಟ್ ಇದ್ದ ಬ್ಯಾಗಿನ ಝಿಪ್ಪು ಎಳೆದೆಳೆದು ಸೋತಿದ್ದಳು. ಬೆಲ್ಲದ ಉಂಡೆಯೊಂದು ಅದಕ್ಕೆ ಅಂಟಿ ಕಲ್ಲಾಗಿತ್ತು.

“ಆಯಿ, ಜೀವಕೋಶದಾಗ ಡಿಎನ್‌ಎ ನಕಲಾಗೋ ಮುಂದ ಝಿಪ್ಪಿನಂಗೇ ಬಿಚ್ಚತದ,” ಎಂದಳು ಬಿಎಸ್ಸಿ ಓದುವ ಮೊಮ್ಮಗಳು. “ಡಿಎನ್‌ಎ ಕೆಟ್ಟ ಜಾಗಾದಾಗ ಪ್ರೋಟೀನ್ ಅಂಟಿದ್ರ ನಕಲಾಗೋದು ಅಲ್ಲೇ ನಿಂದ್ರತದ.”

“ಗಾಡಿ ನಿಂದ್ರಂಗಿಲ್ಲ, ಪೋರಿ. ಉಪಾಯ ಹೇಳು.”

“ಇನ್ನೊಂದು ಪ್ರೋಟೀನ್ ಬಂದು ಅದನ್ನ ಕಡದು ಸಣ್ಣದು ಮಾಡ್ತದ. ಉಳಿದ ಚೂರು ದಾಟಿ ಕೆಲಸ ಮುಂದ ಹೋಗ್ತದ.”

ಅಜ್ಜಿ ಬಾಯಿ ಹಾಕಿ ಉಂಡೆ ಕಡಿದಳು. ಝಿಪ್ಪು ಸರ್ರನೆ ಸರಿಯಿತು. ಕಟ್ಟಿಸಿದ ಹಲ್ಲಿನ ಸೆಟ್ಟು ಮಾತ್ರ ಉಳಿದ ಬೆಲ್ಲಕ್ಕೆ ಕಚ್ಚಿಕೊಂಡಿತು. ಗೋರಖನಾಥ ನಗು ತಡೆಯಲು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ.

“ಈಗ ಹಲ್ಲು ಅಂಟ್ಯಾವ. ಇದಕ್ಕ ಯಾರು ಬರ್ತಾರ?”

“ಅದು ಮುಂದಿನ ವರ್ಷದ ಪಾಠದಾಗ ಅದ, ಆಯಿ!”

ಗಾಡಿ ಕೂಗಿತು. ಹಲ್ಲು ನೇತಾಡುವ ಬ್ಯಾಗು ಹೊತ್ತು ಅಜ್ಜಿ, ಮೊಮ್ಮಗಳು ಇಬ್ಬರೂ ಓಡಿದರು.