ಕೈಲಾಸದ ದಾರಿ ಬಲ್ಲವನು ನೆರೆಮನೆಯ ಬಾಗಿಲು ಕೇಳಿದ್ದು

ಹತ್ತಿರ ಇರುವ ಶಿವನನ್ನು ಬಿಟ್ಟು ನಾವು ದೂರದ ಶಿವನನ್ನು ಯಾಕೆ ಹುಡುಕುತ್ತೇವೆ ಅಂತ ಈ ಪ್ರವಚನದಲ್ಲಿ ನಿಮ್ಮನ್ನು ಕೇಳುತ್ತಿದ್ದೆ. ಹಿಂದಿನ ಸಾಲಿನಲ್ಲಿ ಒಬ್ಬರು ಆಕಳಿಸಿದರು, ಅದನ್ನೇ ಉತ್ತರ ಅಂತ ತಿಳಿದುಕೊಳ್ಳುತ್ತೇನೆ. ನಿದ್ದೆ ಬಂದವರಿಗೆ ಉಪದೇಶ ಹಿಡಿಸುವುದಿಲ್ಲ, ಕಥೆ ಹಿಡಿಸುತ್ತದೆ. ಕೇಳಿ.

ಒಂದು ಊರು. ಹೆಸರು ಬೇಡ. ಅಲ್ಲೊಬ್ಬ ಸಾಹುಕಾರ. ಅವನ ಹೆಸರಂತೂ ಬೇಡವೇ ಬೇಡ. ಅವನ ಬೀಗರು ಈ ಸಭೆಯಲ್ಲೇ ಕೂತಿದ್ದರೆ ನನ್ನ ಇವತ್ತಿನ ಪ್ರಸಾದಕ್ಕೆ ಕಲ್ಲು ಬೀಳುತ್ತದೆ. ಈ ಸಾಹುಕಾರನಿಗೆ ಎಲ್ಲ ಇತ್ತು, ಒಂದೇ ಆಸೆ ಉಳಿದಿತ್ತು. ಕಣ್ಣಾರೆ ಕೈಲಾಸ ಪರ್ವತ ನೋಡಬೇಕು, ಮಾನಸ ಸರೋವರದಲ್ಲಿ ಮುಳುಗಿ ಏಳಬೇಕು. ಹೆಂಡತಿ ಇದ್ದಾಗ ಇಬ್ಬರೂ ಕೂಡಿ ಹೋಗೋಣ ಅಂತ ಹೇಳುತ್ತ ಹೇಳುತ್ತ ಮುಂದಕ್ಕೆ ಹಾಕಿದ. ಆಕೆ ತೀರಿಕೊಂಡಳು. ಈಗ ಅವನಿಗೂ ವಯಸ್ಸಾಗಿತ್ತು. ಆ ಯಾತ್ರೆಗೆ ತೀರ ವಯಸ್ಸಾದವರನ್ನು ಸೇರಿಸಿಕೊಳ್ಳುವುದಿಲ್ಲ. ಈ ವರ್ಷ ಹೋದರೆ ಹೋದ, ತಪ್ಪಿದರೆ ಈ ಜನ್ಮಕ್ಕೆ ಇಲ್ಲ.

ಕೈಲಾಸ ಎಲ್ಲಿದೆ? ನಮ್ಮ ಗಡಿಯ ಆಚೆ ಇದೆ. ಅಂದಮೇಲೆ ಶಿವನ ಮನೆಗೆ ಹೋಗುವುದಕ್ಕೂ ಪಾಸ್‌ಪೋರ್ಟ್ ಬೇಕು. ಎಂಥ ಕಾಲ ಬಂತು ನೋಡಿ! ಆ ಊರಲ್ಲಿ ಅದುವರೆಗೆ ಯಾರೂ ಪಾಸ್‌ಪೋರ್ಟ್ ಮಾಡಿಸಿರಲಿಲ್ಲ. ಸಾಹುಕಾರ ಶಹರಕ್ಕೆ ಹೋಗಿ ಅರ್ಜಿ ಹಾಕಿ ಬಂದ. ಬಂದವನೇ ದಾರಿ ಬಾಯಿಪಾಠ ಮಾಡತೊಡಗಿದ. ಯಾವ ಕಣಿವೆ, ಯಾವ ಏರು, ಎಲ್ಲಿ ಕುದುರೆ ಸಿಗುತ್ತದೆ, ಎಲ್ಲಿ ಉಸಿರು ಕಟ್ಟುತ್ತದೆ, ಎಲ್ಲ ಗೊತ್ತು. ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಕೈಲಾಸದ ದಾರಿ ವಿವರಿಸುತ್ತಿದ್ದ. ಕೇಳುವವರು ಯಾರೂ ಹೊರಟವರಲ್ಲ, ಆದರೂ ವಿವರಿಸುತ್ತಿದ್ದ.

ಅರ್ಜಿ ಹಾಕಿದರೆ ಮುಗಿಯಲಿಲ್ಲ. ಪೊಲೀಸರು ಊರಿಗೆ ಬಂದು ವಿಚಾರಿಸುತ್ತಾರೆ. ಈ ಮನುಷ್ಯ ಇಲ್ಲಿ ಇರುವುದು ಹೌದೋ, ಹೇಗಿದ್ದಾನೆ ಅಂತ ಅಕ್ಕಪಕ್ಕದವರನ್ನು ಕೇಳುತ್ತಾರೆ. ಒಂದು ದಿನ ಪೊಲೀಸಪ್ಪ ಬಂದೇ ಬಿಟ್ಟ. ಸಾಹುಕಾರ ಊರಲ್ಲಿ ಇರಲಿಲ್ಲ, ಉಣ್ಣೆಯ ಟೊಪ್ಪಿಗೆ ಕೊಳ್ಳಲು ಶಹರಕ್ಕೆ ಹೋಗಿದ್ದ. ಪೊಲೀಸಪ್ಪ ಚಹಾದಂಗಡಿಯಲ್ಲಿ ಸಾಹುಕಾರನ ಹೆಸರು ಹೇಳಿ ಕೇಳಿದ. ಅಂಥವರು ಇಲ್ಲಿ ಯಾರೂ ಇಲ್ಲ ಅಂದರು. ಹಿಟ್ಟಿನ ಗಿರಣಿಯಲ್ಲಿ ಕೇಳಿದ. ಆ ಹೆಸರೇ ಕೇಳಿಲ್ಲ ಅಂದರು. ಕೊನೆಗೆ ಸಾಹುಕಾರನ ಗೇಟಿಗೇ ಬಂದು, ಒಳಗಿದ್ದ ಆಳನ್ನು ಇದು ಯಾರ ಮನೆ ಅಂತ ಕೇಳಿದ. ಆಳು ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ನನಗೂ ಗೊತ್ತಿಲ್ಲ ಅಂದ.

ನಗುತ್ತೀರಿ. ಊರವರಿಗೆ ಅವನ ಮೇಲೆ ಸಿಟ್ಟಿತ್ತು ಅಂದುಕೊಂಡಿರಾ? ಇಲ್ಲ. ಹಿಂದೊಮ್ಮೆ ಕಾಲುವೆ ನೀರಿನ ಜಗಳದಲ್ಲಿ ಸಾಹುಕಾರನ ಕಡೆಯ ಹುಡುಗರೇ ಬಡಿದಾಡಿದ್ದರು. ಆಗ ಪೊಲೀಸರು ಬಂದಿದ್ದರು. ಅವತ್ತು ಊರ ಕಟ್ಟೆಯ ಮೇಲೆ ಕೂತು ಅವನೇ ಕಟ್ಟಳೆ ಮಾಡಿದ್ದ, ಖಾಕಿ ಬಂದು ಕೇಳಿದರೆ ಈ ಊರಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ ಅಂತ. ಊರವರು ಅದನ್ನು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದರು, ಸಾಹುಕಾರ ಮರೆತಿದ್ದ.

ವಾಪಸು ಬಂದವನಿಗೆ ಸುದ್ದಿ ತಿಳಿಯಿತು. ಚಹಾದಂಗಡಿಯವನ ಮೇಲೆ ಹರಿಹಾಯ್ದ. ಅಂಗಡಿಯವನು ಕೈ ಮುಗಿದ. "ಖಾಕಿ ಕಂಡ್ರ ಯಾರ ಗುರ್ತೂ ಹೇಳಬ್ಯಾಡ್ರಿ ಅಂತ ನೀವ ಹೇಳಿದ್ರೆಲ್ರಿ ಸಾಹುಕಾರ್ರ. ನಿಮ್ಮ ಮಾತ ಮೀರಾಕ ಆಕ್ಕೈತೇನ್ರಿ?"

ಸಾಹುಕಾರ ಠಾಣೆಗೆ ಓಡಿದ. ಪೊಲೀಸಪ್ಪ ಒಳ್ಳೆಯವನು. ವರದಿ ಇನ್ನೂ ಕಳಿಸಿಲ್ಲ, ನಾಳೆ ಇನ್ನೊಮ್ಮೆ ಬರುತ್ತೇನೆ ಅಂದ. ಆದರೆ ಊರ ಬಾಯಿ ನೋಡಿದ್ದಾನಲ್ಲ, ಇನ್ನು ಯಾರ ಮಾತನ್ನೂ ನಂಬುವಂತಿರಲಿಲ್ಲ. ಗೋಡೆಗೆ ಗೋಡೆ ಹಚ್ಚಿಕೊಂಡಿರುವ ಮನೆಯವರೇ ಬಂದು ಹೇಳಬೇಕು, ಇಲ್ಲವಾದರೆ ಈ ಮನುಷ್ಯ ಇಲ್ಲಿಲ್ಲ ಅಂತಲೇ ಬರೆಯುತ್ತೇನೆ ಅಂದುಬಿಟ್ಟ.

ಗೋಡೆಗೆ ಗೋಡೆ ಯಾರು? ಒಂದು ಕಡೆ ಅವನದೇ ಗೋದಾಮು, ಹಿಂದೆ ಅವನದೇ ಹೊಲ. ಉಳಿದದ್ದು ಬಾಳವ್ವನ ಮನೆ ಒಂದೇ. ಬಾಳವ್ವ ಮಜ್ಜಿಗೆ ಮಾರುವ ಮುದುಕಿ. ಮೊದಲು ಎರಡು ಮನೆಗಳ ನಡುವೆ ಇದ್ದದ್ದು ಮೊಳಕಾಲುದ್ದದ ಮಣ್ಣಿನ ಗೋಡೆ. ಅದರ ಮೇಲಿಂದ ಸಾಹುಕಾರನ ಹೆಂಡತಿಯೂ ಬಾಳವ್ವನೂ ದಿನಾ ಹೆಪ್ಪು ಕೊಟ್ಟು ತಗೊಂಡು ಮಾಡುತ್ತಿದ್ದರು. ಆಕೆ ತೀರಿಕೊಂಡಾಗ ಮೊದಲು ಓಡಿ ಬಂದು ಅತ್ತವಳೂ ಬಾಳವ್ವನೇ. ಆಮೇಲೆ ಬಾಳವ್ವನ ಕೋಳಿ ಬಂದು ಸಾಹುಕಾರನ ಗುಲಾಬಿ ಗಿಡದ ಬುಡ ಕೆದರಿತು. ಕೋಳಿಗೆ ಏನು ಗೊತ್ತು ಗುಲಾಬಿ? ಸಾಹುಕಾರ ಎತ್ತರದ ಗೋಡೆ ಕಟ್ಟಿ, ಮೇಲೆ ಗಾಜಿನ ಚೂರು ನೆಟ್ಟ. ಈಚೆಯ ದಾರಿ ಮುಚ್ಚಿ ಬಾಳವ್ವನ ಬಾಗಿಲು ಆಚೆ ಓಣಿಗೆ ತಿರುಗಿತು.

ಈಗ ಮಜಾ ನೋಡಿ. ಸಾಹುಕಾರ ಹೊಸ ಬೂಟು ಹಾಕಿಕೊಂಡು ಹೊರಟ. ಆಚೆ ಓಣಿಗೆ ಹೋದ, ಬಾಗಿಲು ಸಿಗಲಿಲ್ಲ. ಹಿಂದೆ ಬಂದ, ಮುಂದೆ ಹೋದ. ಕೊನೆಗೆ ಗೋಲಿ ಆಡುತ್ತಿದ್ದ ಮಕ್ಕಳನ್ನು ಬಾಳವ್ವನ ಮನೆ ಯಾವುದು ಅಂತ ಕೇಳಿದ. ಕೈಲಾಸದ ದಾರಿ ಬಾಯಿಪಾಠ ಇದ್ದವನು, ಸ್ವಾಮಿ, ಪಕ್ಕದ ಮನೆಯ ಬಾಗಿಲು ಕೇಳುತ್ತ ಓಣಿ ಅಲೆದ.

ಬಾಳವ್ವ ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು. ಸಾಹುಕಾರ ವಿಷಯ ಹೇಳಿದ. ಆಕೆ ಕೇಳಿ ನಿಧಾನವಾಗಿ ಅಂದಳು, "ಗುರ್ತ ಹೇಳಾಕ ನಿಮ್ಮನ್ನ ನೋಡಿರಬೇಕಲ್ರಿ. ನನಗ ಗುರ್ತಿರೂದು ನಿಮ್ಮ ಗ್ವಾಡಿ. ಬೇಕಾದ್ರ ಅದರ ಬಗ್ಗೆ ಹೇಳತೀನಿ. ಛಲೋ ಗ್ವಾಡಿ ಐತಿ, ಎಲ್ಲೂ ಬಿರುಕ ಬಿಟ್ಟಿಲ್ಲ."

ಮಾತು ಬದಲಿಸಲು ಸಾಹುಕಾರ, ನಿನ್ನ ಯಜಮಾನರು ಎಲ್ಲಿ, ಕಾಣುವುದಿಲ್ಲವಲ್ಲ ಅಂತ ಕೇಳಿದ. ಕೇಳಬಾರದಿತ್ತು.

"ಅವರು ಹ್ವಾದ ವರ್ಷನ ತೀರಿಕೊಂಡ್ರಲ್ರಿ," ಅಂದಳು ಬಾಳವ್ವ. "ಭಜನಿ ಕೇಳಿರಬೇಕಲ್ಲ ನಿಮಗ."

ಕೇಳಿತ್ತು. ಗದ್ದಲ ಜಾಸ್ತಿಯಾಯಿತು, ಕಿಟಕಿ ಹಾಕು ಅಂತ ಆಳಿಗೆ ಹೇಳಿದ್ದೂ ನೆನಪಿತ್ತು. ಸಾಹುಕಾರ ಲೋಟ ಕೆಳಗಿಟ್ಟ. ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ತನ್ನ ಮನೆಯ ಸಾವಿಗೆ ಮೊದಲು ಅತ್ತವಳ ಮನೆಯ ಸಾವು ತನಗೆ ಬರಿಯ ಗದ್ದಲವಾಗಿತ್ತಲ್ಲ ಅಂತ. ಪಾಸ್‌ಪೋರ್ಟಿನ ಮಾತು ಮತ್ತೆ ಎತ್ತಲಿಲ್ಲ. ಸಂಜೆಯವರೆಗೂ ಅಲ್ಲೇ ಕೂತ. ಆಕೆಯ ಗಂಡನ ಕೊನೆಯ ದಿನಗಳು ಹೇಗಿದ್ದವು ಅಂತ ಕೇಳಿದ. ಆಕೆ ಹೇಳಿದಳು. ತನ್ನ ಹೆಂಡತಿಯ ವಿಷಯ ಅವನೂ ಹೇಳಿದ.

ಮರುದಿನ ಪೊಲೀಸಪ್ಪ ಬಂದ. ಬಾಳವ್ವನನ್ನು ಕರೆಸಿ, ಇವರ ಗುರುತು ಇದೆಯೇ ಅಂತ ಕೇಳಿದ. ಇದೆ ಅಂದಳು. ಎಂದಿನಿಂದ?

"ನಿನ್ನಿಯಿಂದ್ರಿ."

ಪೊಲೀಸಪ್ಪ ಪೆನ್ನು ಎತ್ತಿದವನು ಹಾಗೇ ನಿಂತ. ಮನುಷ್ಯ ಹೇಗೆ ಅಂತ ಕೇಳಿದ.

"ನಿನ್ನಿಯಿಂದ ಛಲೋ ಅದಾರ್ರಿ."

ಹೋಯಿತು, ಕೈಲಾಸ ಹೋಯಿತು ಅಂದುಕೊಂಡ ಸಾಹುಕಾರ. ಆದರೂ ಸಿಟ್ಟು ಬರಲಿಲ್ಲ. ಆಕೆ ಹೇಳಿದ್ದೇ ಖರೆ, ಹಾಗೇ ಬರೆದುಕೊಳ್ಳಿ ಅಂದ. ಆಗ ಬಾಳವ್ವ ಸೆರಗು ಸರಿಮಾಡಿಕೊಂಡು ನಕ್ಕಳು. "ಬರಕೋರಿ ಸಾಹೇಬ್ರ, ನಾ ಲಗ್ನಾಗಿ ಬಂದಾಗಿಂದ ಗುರ್ತು. ನಡುವ ಒಂದಿಷ್ಟ ದಿನಾ ಗ್ವಾಡಿ ಹಿಂದ ಇದ್ರು, ಈಗ ಹೊರಗ ಬಂದಾರ." ಪೊಲೀಸಪ್ಪ ಲಗ್ನದ ಮಾತಷ್ಟೇ ಬರೆದುಕೊಂಡ, ಗೋಡೆಯ ಮಾತು ಬಿಟ್ಟ. ಬಾಳವ್ವ ಹೆಬ್ಬೆಟ್ಟು ಒತ್ತಿದಳು.

ಪಾಸ್‌ಪೋರ್ಟ್ ಬಂತು. ಹೊರಡುವ ಮೊದಲು ಸಾಹುಕಾರ ಗವಂಡಿಯನ್ನು ಕರೆಸಿ ಗೋಡೆಯಲ್ಲಿ ಒಂದು ಕಿಂಡಿ ಒಡೆಸಿದ, ಹೆಪ್ಪಿನ ಬಟ್ಟಲು ಹಾಯುವಷ್ಟು. ಕೈಲಾಸ ನೋಡಿ ಬಂದ ಮೇಲೆ ಊರವರು, ಶಿವ ಕಂಡನೇ ಅಂತ ಕೇಳಿದರು. ಮೋಡ ಮುಸುಕಿತ್ತು, ಶಿಖರ ಸ್ವಲ್ಪ ಹೊತ್ತು ಮಾತ್ರ ಕಂಡಿತು ಅಂದ. ಆದರೆ ಡೇರೆಯಲ್ಲಿ ಪಕ್ಕಕ್ಕೆ ಮಲಗಿದವರ ಹೆಸರು, ಊರು, ಮಕ್ಕಳು ಮರಿ ಎಲ್ಲ ಹೇಳಿದ.

ಈಗ ನಿಮ್ಮ ಸರದಿ. ನಕ್ಕಿದ್ದು ಸಾಕು. ದಿಲ್ಲಿಯಲ್ಲಿ ಯಾವ ಸರ್ಕಾರ ಬೀಳುತ್ತದೆ ಅಂತ ನಿಮಗೆ ಗೊತ್ತು. ಯಾವ ದೇವಸ್ಥಾನದಲ್ಲಿ ಯಾವ ಬಾಗಿಲಿನಿಂದ ಹೋದರೆ ದರ್ಶನ ಬೇಗ ಆಗುತ್ತದೆ ಅಂತಲೂ ಗೊತ್ತು. ಪಕ್ಕದ ಮನೆಯ ಮುದುಕರಿಗೆ ಜ್ವರ ಬಿಟ್ಟಿತೋ ಇಲ್ಲವೋ, ಗೊತ್ತೇ? ಅಲ್ಲಿ, ಕಂಬದ ಹತ್ತಿರ ಇಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ನೋಡಿ, ನೋಡಿ, ಪಕ್ಕದ ಮನೆಯವರೇ ಇರಬೇಕು.

ನಾನು ನಿಮಗೆ ಉಪವಾಸ ಮಾಡಿ ಅನ್ನುವುದಿಲ್ಲ, ಗೋಡೆ ಕೆಡವಿ ಅಂತಲೂ ಅನ್ನುವುದಿಲ್ಲ. ಇವತ್ತು ಮನೆಗೆ ಹೋಗಿ ಹಾಲು ಕಾಸಿ. ಕಾಸಿ ಆರಿಸಿದ ಮೇಲೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಿ, ಒಂದು ಚಮಚ ಹೆಪ್ಪು ಕೇಳಿ. ಮನೆಯಲ್ಲಿ ಮೊಸರು ಇದ್ದರೂ ಕೇಳಿ. ಮಾತು ಬಿಟ್ಟವರ ಮನೆಯಾದರೆ ಅಲ್ಲಿಗೇ ಮೊದಲು ಹೋಗಿ. ನಿಂತು ಒಂದು ಗಳಿಗೆ ಮಾತಾಡಿ, ಅವರ ಮನೆಯಲ್ಲಿ ಯಾರು ಇದ್ದಾರೆ, ಯಾರು ಇಲ್ಲ ತಿಳಿದುಕೊಳ್ಳಿ. ನಾಳೆ ಯಾರಾದರೂ ನಿಮ್ಮ ವಿಷಯ ವಿಚಾರಿಸಲು ಅವರ ಬಾಗಿಲಿಗೆ ಬಂದು, ಈ ಮನುಷ್ಯ ನಿಮಗೆ ಎಂದಿನಿಂದ ಗೊತ್ತು ಅಂತ ಕೇಳಿದರೆ, ನಿನ್ನೆಯಿಂದ ಅಂತಾದರೂ ಅವರು ಹೇಳಲಿ.